ಹಸಿರು ವ್ಯಾಗನ್ನಿನ ಗುರುವಾರಗಳು

ಜುಲೈ 12, 1957, ಶುಕ್ರವಾರ

ಹುಲ್ಡಾ ಎಂಗ್‌ಸ್ಟ್ರಮ್ ನೆಲಮಾಳಿಗೆಯ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡು ಇಂದಿಗೆ ಆರು ದಿನ. ಬೀಳುವಾಗ ಕೈಯಲ್ಲಿದ್ದ ಉಪ್ಪುಸೌತೆಯ ಭರಣಿ ಒಡೆಯಲಿಲ್ಲವೆಂಬುದನ್ನು ಆಸ್ಪತ್ರೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಾಳೆ. ಅವಳು ಈ ಕೌಂಟಿಯ ಗ್ರಂಥಪಾಲಕಿ. ಮೂರು ವರ್ಷಗಳಿಂದ ಪ್ರತಿ ಗುರುವಾರ ಅವಳು ಹೊಲಮನೆಗಳಿಗೆ ಪುಸ್ತಕ ಒಯ್ಯುವ ಗ್ರಂಥಾಲಯದ ಉದ್ದ ಕಾರನ್ನು, ಅಂದರೆ ವ್ಯಾಗನ್ನನ್ನು, ನಡೆಸುತ್ತಿದ್ದಳು, ನಾನು ಪಕ್ಕದಲ್ಲಿ ಕುಳಿತು ಪುಸ್ತಕಗಳ ಲೆಕ್ಕ ಬರೆದುಕೊಳ್ಳುತ್ತಿದ್ದೆ. ಹತ್ತೊಂಬತ್ತು ಹೊಲಮನೆಗಳು, ಅರವತ್ತೆರಡು ಮೈಲಿ. ಶಿಕ್ಷಕಿಯ ಕೆಲಸದಿಂದ ನಿವೃತ್ತಿಯಾದ ಮೇಲೆ ನನಗೆ ಉಳಿದಿರುವ ತರಗತಿಯೆಂದರೆ ಅದೊಂದೇ.

ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯ ಮಂಡಳಿಯ ಅಧ್ಯಕ್ಷ ಆರ್ವಿಲ್ ಪ್ರೂಯಿಟ್ ಬಂದರು. ಹಂದಿ ಸಾಕಣೆಯವರು. ಬೇರೆ ಕೌಂಟಿಯಲ್ಲಿ ಓದಿದವರೆಂಬುದು ಅವರ ಮಾತಿನಲ್ಲೇ ತಿಳಿಯುತ್ತದೆ.

"ಹುಲ್ಡಾ ಎದ್ದು ಓಡಾಡೋಕೆ ಹಿಮ ಬೀಳೋ ಹೊತ್ತಾಗುತ್ತೆ ಅಂದ್ರು ಡಾಕ್ಟ್ರು. ಆಮೇಲೂ ಕ್ಲಚ್ ತುಳಿಯೋ ಹಂಗಿಲ್ಲ. ಸೆಪ್ಟೆಂಬರ್ ಒಂಬತ್ತಕ್ಕೆ ಮಂಡಳಿ ಸಭೆ ಇದೆ. ಅಷ್ಟರೊಳಗೆ ಲೈಸೆನ್ಸ್ ಇರೋ ಡ್ರೈವರ್ ಸಿಗದಿದ್ರೆ ಆ ವ್ಯಾಗನ್ನು ಕಳೆ ಇನ್ಸ್‌ಪೆಕ್ಟರಿಗೆ ಹೋಗುತ್ತೆ. ಅವ್ನು ಒಂದು ವರ್ಷದಿಂದ ಕೇಳ್ತಾ ಇದ್ದಾನೆ."

"ಕಳೆ ಇನ್ಸ್‌ಪೆಕ್ಟರಿಗೆ?" ಎಂದೆ.

"ಹೊಲದ ಕಳೆಗೆ ಹೊಡೆಯೋ ಔಷಧದ ಪೀಪಾಯಿ ಇಡೋಕೆ ಒಳ್ಳೆ ಜಾಗ ಇದೆ ಅದ್ರಲ್ಲಿ. ಪುಸ್ತಕಕ್ಕೆ ಬೇಕಿದ್ರೆ ಮುಂದೆ ಯಾವಾಗಾದ್ರೂ ನಾಲ್ಕು ಬಾಗಿಲಿಂದು, ಹೊಸದು, ನೋಡಾಣ. ಎರಡು ಬಾಗಿಲಿನ ವ್ಯಾಗನ್ ಈಗ ಯಾರು ಓಡಿಸ್ತಾರೆ ಮಿಸ್ ಹ್ಯಾಸ್ಕೆಲ್?"

ಇಲ್ಲಿ ದಾಖಲಿಸತಕ್ಕ ವಿಷಯವೆಂದರೆ, ಆ ಐವತ್ತೆರಡನೆಯ ಇಸವಿಯ ಫೋರ್ಡ್ ರ‍್ಯಾಂಚ್ ವ್ಯಾಗನ್ ಪುಸ್ತಕಗಳಿಗೆ ಯೋಗ್ಯವಾಗಿರುವುದೇ ಅದಕ್ಕೆ ಎರಡು ಬಾಗಿಲುಗಳಿರುವುದರಿಂದ. ಹಿಂದಿನ ಬಾಗಿಲುಗಳಿಲ್ಲದ ಕಾರಣ ಎರಡು ಪಕ್ಕಗಳಲ್ಲೂ ಕಿಟಕಿಯ ಕೆಳಗೆ ಉದ್ದಕ್ಕೂ ಅಖಂಡವಾದ ಕಪಾಟು. ಹಿಂಭಾಗದ ಕದ ಎರಡು ಹೋಳು: ಗಾಜಿನ ಹೋಳನ್ನು ಮೇಲಕ್ಕೆತ್ತಿದರೆ ಸೂರು, ತಗಡಿನ ಹೋಳನ್ನು ಕೆಳಗಿಳಿಸಿದರೆ ಮೇಜು. ಬಡವರ ಮನೆಯ ವ್ಯಾಗನ್ ಎಂದು ಹೆಸರಾದ ಈ ಬಗೆಯಲ್ಲಿ ಇಷ್ಟು ವಿವೇಕವಿರುವುದನ್ನು ಹುಲ್ಡಾ ಮೊದಲ ನೋಟಕ್ಕೇ ಕಂಡಿದ್ದಳು. ಇದನ್ನೆಲ್ಲ ಪ್ರೂಯಿಟ್ಟರಿಗೆ ಕ್ರಮವಾಗಿ ವಿವರಿಸಿದೆ.

"ಸರಿ, ಆದ್ರೆ ಓಡಿಸೋರ್ಯಾರು?" ಎಂದರು.

"ನಾನು" ಎಂದೆ.

ಅವರು ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಿತ್ತು. ನನಗೆ ಅರವತ್ತೇಳು ವರ್ಷ. ಇದುವರೆಗೆ ಯಾವುದೇ ವಾಹನದಲ್ಲಿ ಚಾಲಕರು ಕೂರುವ ಎಡಬದಿಯ ಸೀಟಿನಲ್ಲಿ ಕುಳಿತವಳಲ್ಲ.

ಜುಲೈ 15, ಸೋಮವಾರ

ಚಾಲನಾ ನಿಯಮಾವಳಿಯನ್ನು ಎರಡು ಸಲ ಓದಿ ಲಿಖಿತ ಪರೀಕ್ಷೆಗೆ ಕುಳಿತೆ. ಪೂರ್ಣ ಅಂಕ. ಪುಸ್ತಕದಲ್ಲಿ ಎರಡು ಮುದ್ರಣದೋಷಗಳಿದ್ದವು, ಗುಮಾಸ್ತೆಗೆ ತೋರಿಸಿದೆ. ಕಲಿಯುವವರ ಪರವಾನಗಿ ಕೈಗೆ ಬಂದಿದೆ. ಲೈಸೆನ್ಸ್ ಇರುವವರೊಬ್ಬರು ಪಕ್ಕದಲ್ಲಿರಬೇಕು.

ಆ ಒಬ್ಬರನ್ನು ಹುಲ್ಡಾ ನನ್ನನ್ನು ಕೇಳದೆಯೇ ಗೊತ್ತುಮಾಡಿದ್ದಾಳೆ: ಶಾಲಾ ಬಸ್ಸು ನಡೆಸುವ ಶ್ರೀಮತಿ ವಾವ್ರಾ. ಬೇಸಿಗೆಯಲ್ಲಿ ಆಕೆಗೆ ಬಿಡುವು. ಸೆಪ್ಟೆಂಬರ್ ಮೂರಕ್ಕೆ ಶಾಲೆ ತೆರೆದರೆ ಆ ಬಿಡುವು ಮುಗಿಯಿತು. ಮದುವೆಗೆ ಮುಂಚೆ ಆಕೆ ಡೊರಥಿ ಸಿಕೋರಾ. 1934ರಲ್ಲಿ ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ, ಮೂರನೆಯ ಸಾಲು, ಕಿಟಕಿಯ ಪಕ್ಕ. ಹುಲ್ಲಿನ ಬಣವೆಯಲ್ಲಿ ಬಿಟ್ಟ ಬೆಕ್ಕಿನಂತೆ ಒಂದು ಕ್ಷಣ ಒಂದೆಡೆ ಇರದ ಹುಡುಗಿ. ವರ್ಷ ಮುಗಿಯುವ ಮೊದಲೇ ಶಾಲೆ ಬಿಟ್ಟಳು.

ಊರಿಡೀ ಆಕೆಯನ್ನು ಡಾಟ್ ಎಂದು ಕರೆಯುತ್ತದೆ. ನನಗೆ ಮೊಟಕುಗೊಳಿಸಿದ ಹೆಸರುಗಳಲ್ಲಿ ನಂಬಿಕೆಯಿಲ್ಲ.

ಜುಲೈ 16, ಮಂಗಳವಾರ

ವಾವ್ರಾ ಅವರ ಹುಲ್ಲುಗಾವಲಿನಲ್ಲಿ ಮೊದಲ ಪಾಠ. ಎಂಜಿನ್ ಹನ್ನೊಂದು ಸಲ ನಿಂತಿತು.

"ಹಂಗಲ್ಲ ಟೀಚರ್! ಕ್ಲಚ್ಚಿಂದ ಕಾಲು ಮೆಲ್ಲಗೆ ಎತ್ತಿ. ತೊಟ್ಟಿಲಲ್ಲಿ ಮಲಗಿದ ಮಗೂನ ಬಿಟ್ಟು ಏಳ್ತೀವಲ್ಲ, ಹಂಗೆ."

"ನಾನು ತೊಟ್ಟಿಲು ತೂಗಿದವಳಲ್ಲ, ಶ್ರೀಮತಿ ವಾವ್ರಾ."

"ಹೋಗ್ಲಿ ಬಿಡಿ. ಹಿಂದಿನ ಬೆಂಚಲ್ಲಿ ನಿದ್ದೆ ಮಾಡೋನ ಹತ್ರ ಸದ್ದಿಲ್ದೆ ಬರ್ತಿದ್ರಲ್ಲ ಸ್ಕೇಲ್ ಹಿಡ್ಕೊಂಡು, ಹಂಗೆ."

ಈ ಉಪಮೆ ಉಪಯೋಗಕ್ಕೆ ಬಂದಿತು. ವಾಹನ ಸುಮಾರು ನಲವತ್ತು ಅಡಿ ಚಲಿಸಿತು. ನಂತರ ಒಂದು ಹಸು ಎದುರು ನಿಂತು, ನನ್ನನ್ನೇ ನೋಡುತ್ತ, ಮೆಲುಕು ಹಾಕತೊಡಗಿತು. ನಾನು ನಿಯಮಾವಳಿಯ ಪ್ರಕಾರ ಹಾರ್ನ್ ಮಾಡಿದೆ. ಹಸು ನಿಯಮಾವಳಿ ಓದಿರಲಿಲ್ಲ.

ಗೇರು ಬದಲಿಸುವ ಸನ್ನೆಗೋಲು ಸ್ಟೀರಿಂಗಿನ ಕತ್ತಿನಲ್ಲಿದೆ. ಅದರ ಓಡಾಟ ಎಚ್ ಅಕ್ಷರದ ಆಕಾರದಲ್ಲಿದೆ ಎಂದು ಆಕೆ ಹೇಳಿದಾಗ ನನಗೆ ಸ್ವಲ್ಪ ಧೈರ್ಯ ಬಂದಿತು. ಅಕ್ಷರವೆಂದರೆ ನನ್ನ ಕ್ಷೇತ್ರ. ಮನೆಗೆ ಬಂದು ಅಡುಗೆಮನೆಯ ಕರಿಹಲಗೆಯ ಮೇಲೆ ಅರವತ್ತು ಸಲ ಬರೆದೆ, ಕೈ ಸರಾಗವಾಗಿ ತಿರುಗುವವರೆಗೆ.

ಜುಲೈ 18, ಗುರುವಾರ

ಇಂದು ಶ್ರೀಮತಿ ವಾವ್ರಾ ವ್ಯಾಗನ್ ನಡೆಸಿದಳು. ನಾನು ಎಂದಿನಂತೆ ಪಕ್ಕದಲ್ಲಿ. ಹತ್ತೊಂಬತ್ತೂ ಮನೆ ಮುಗಿಸಿದೆವು. ಒಟ್ಟು ಎಂಬತ್ತಮೂರು ಪುಸ್ತಕ ಹೊರಗೆ, ಎಪ್ಪತ್ತೊಂದು ಒಳಗೆ.

ಹದಿಮೂರನೆಯ ತಾಣ ಆಂಟನ್ ಹ್ರುಷ್ಕ. ಎಪ್ಪತ್ತು ದಾಟಿದ ಬ್ರಹ್ಮಚಾರಿ ರೈತ. ನಾವು ಬರುವ ಹೊತ್ತಿಗೆ ಒಗೆದ ಅಂಗಿ ತೊಟ್ಟು ಅಂಚೆಡಬ್ಬಿಯ ಪಕ್ಕ ನಿಂತಿರುತ್ತಾರೆ. ವಾರಕ್ಕೆ ಎರಡು ಪುಸ್ತಕ: ಒಂದು ಕುದುರೆ ಸವಾರರ ಕಥೆ, ಇನ್ನೊಂದು ನಾನು ಆರಿಸಿದ್ದು. ಎರಡನೆಯದನ್ನು ಓದುತ್ತಾರೋ ಇಲ್ಲವೋ ತಿಳಿಯದು, ಆದರೆ ತಪ್ಪದೆ ಒಯ್ಯುತ್ತಾರೆ.

ಹೊಲಮನೆಗಳ ಮಕ್ಕಳು ಈ ವಾಹನಕ್ಕೆ 'ಮಿಡತೆ' ಎಂದು ಹೆಸರಿಟ್ಟಿದ್ದಾರೆ, ಹಸಿರು ಬಣ್ಣ ನೋಡಿ. ಯಂತ್ರಗಳಿಗೆ ಹೆಸರಿಡುವುದು ಬಾಲಿಶ. ವ್ಯಾಗನ್ ಎಂಬ ಸರಿಯಾದ ಪದವಿರುವಾಗ ಇನ್ನೊಂದು ಏಕೆ?

ಇನ್ನೊಂದು ಸಂಗತಿ. ದಾರಿಯಲ್ಲಿ ಎದುರು ಬರುವ ಪ್ರತಿಯೊಬ್ಬರಿಗೂ ಇಲ್ಲಿಯ ಚಾಲಕರು ಸ್ಟೀರಿಂಗಿನಿಂದ ಕೈ ತೆಗೆಯದೆ ತೋರುಬೆರಳೊಂದನ್ನು ಮೇಲಕ್ಕೆತ್ತುತ್ತಾರೆ. ಟ್ರ್ಯಾಕ್ಟರಿಗೂ ಬೆರಳು, ಹಾಲಿನ ಲಾರಿಗೂ ಬೆರಳು. ಡಾಕ್ಟರ ಹೆಂಡತಿ ತನ್ನ ಹೊಸ ನೋಮಾಡ್‌ನಲ್ಲಿ ಹೋಗುವಾಗ ಬಿಳಿ ಕೈಗವಸಿನ ಬೆರಳೆತ್ತಿದಳು. (ಅದೂ ಎರಡೇ ಬಾಗಿಲಿನ ವ್ಯಾಗನ್, ಆದರೆ ಅದರ ಎರಡು ಬಾಗಿಲು ಮಿತವ್ಯಯವಲ್ಲ, ಶೋಕಿ. ಮೈತುಂಬ ಬೆಳ್ಳಿಯ ಪಟ್ಟಿ. ಚೆನ್ನಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ.) ಹುಲ್ಡಾ ನಡೆಸುತ್ತಿದ್ದಾಗ ನಾನು ಲೆಕ್ಕದ ಹಾಳೆಯಿಂದ ತಲೆಯೆತ್ತಿರಲಿಲ್ಲವಾಗಿ ಇದನ್ನು ಗಮನಿಸಿರಲಿಲ್ಲ. ನಲವತ್ತೊಂದು ವರ್ಷ ನಾನು ತೋರುಬೆರಳು ಎತ್ತಿದ್ದು ಒಂದೇ ಉದ್ದೇಶಕ್ಕೆ, ತಪ್ಪು ಮಾಡಿದವರನ್ನು ಎಬ್ಬಿಸಿ ನಿಲ್ಲಿಸುವುದಕ್ಕೆ. ಅದನ್ನು ವಂದನೆಯಾಗಿ ಬಳಸುವುದು ಸರಿ ಕಾಣದು.

ಜುಲೈ 27, ಶನಿವಾರ

ಮೂರೂ ಗೇರು ಹಿಡಿತಕ್ಕೆ ಬಂದಿವೆ. ಜಲ್ಲಿ ರಸ್ತೆಯಲ್ಲಿ ಎಂಟು ಮೈಲಿ ನಡೆಸಿದೆ. ಎಂಜಿನ್ ಎರಡೇ ಸಲ ನಿಂತಿತು.

ನಮ್ಮಲ್ಲಿ ಒಂದು ಭಿನ್ನಾಭಿಪ್ರಾಯವಿದೆ. ಮುಸುಕಿನ ಜೋಳ ಈಗ ಆಳೆತ್ತರ ಮೀರಿದೆ. ಅಡ್ಡರಸ್ತೆಗಳಲ್ಲಿ ಎಡಬಲ ಏನೂ ಕಾಣದು, ಫಲಕಗಳೂ ಇಲ್ಲ. 'ದೃಷ್ಟಿಗೆ ಅಡ್ಡಿಯಿರುವಲ್ಲಿ ವೇಗ ತಗ್ಗಿಸಿ ಹಾರ್ನ್ ಮಾಡತಕ್ಕದ್ದು' ಎಂದು ನಿಯಮಾವಳಿ ಹೇಳುತ್ತದೆ. ಅಂತೆಯೇ ನಾನು ಪ್ರತಿ ಅಡ್ಡರಸ್ತೆಯಲ್ಲೂ ಮಾಡುತ್ತೇನೆ.

"ಅಯ್ಯೋ ಟೀಚರ್, ಮದ್ವೆ ದಿಬ್ಬಣ ಹೊರಟ ಹಂಗಾಯ್ತು. ಜೋಳದ ಮೇಲ್ಗಡೆ ನೋಡಿ, ಸಾಕು. ಗಾಡಿ ಬರ್ತಿದ್ರೆ ಧೂಳು ಏಳುತ್ತೆ. ಧೂಳಿಲ್ಲ ಅಂದ್ರೆ ಯಾರೂ ಇಲ್ಲ, ನುಗ್ಗಿ. ನಮ್ಮಪ್ಪ, ಅವರಪ್ಪ, ಎಲ್ಲ ಹಂಗೇ ಓಡಿಸಿದ್ದು."

"ನಿಮ್ಮ ತಂದೆಯವರು ನಿಯಮಾವಳಿ ಬರೆದವರಲ್ಲ."

"ಬರ್ದೋರು ಜೋಳ ನೋಡಿದೋರಲ್ಲ" ಎಂದಳು.

ಉತ್ತರ ಚುರುಕಾಗಿತ್ತು. ತರಗತಿಯಲ್ಲಿ ಹೀಗೆ ಉತ್ತರಿಸಿದ್ದರೆ ಅಂಕ ಕೊಡುತ್ತಿದ್ದೆನೋ, ಹೊರಗೆ ಕಳಿಸುತ್ತಿದ್ದೆನೋ ಎಂದು ಊಟದ ಹೊತ್ತಿನಲ್ಲಿ ಯೋಚಿಸಿದೆ. ಹೊರಗೇ ಕಳಿಸುತ್ತಿದ್ದೆ.

ಆಗಸ್ಟ್ 8, ಗುರುವಾರ

ಇಂದು ಇಡೀ ಸುತ್ತನ್ನು ನಾನೇ ನಡೆಸಿದೆ! ಅರವತ್ತೆರಡು ಮೈಲಿ. ಡೊರಥಿ ಪಕ್ಕದಲ್ಲಿ ಕುಳಿತು ಲೆಕ್ಕ ಬರೆದಳು, ನಾಲ್ಕು ತಪ್ಪು. ತಿದ್ದಲಿಲ್ಲ, ಕೈಯೆರಡೂ ಸ್ಟೀರಿಂಗಿನ ಮೇಲಿದ್ದವು.

ಸಂತೋಷಕ್ಕೆ ಒಂದೇ ಒಂದು ಕಲೆ. ಹದಿಮೂರನೆಯ ತಾಣದಲ್ಲಿ ಹ್ರುಷ್ಕ ಅಂಚೆಡಬ್ಬಿಯ ಬಳಿ ಇರಲಿಲ್ಲ. ಬಾಗಿಲಿಗೆ ಹೋಗಿ ತಟ್ಟಿದೆವು. ಪುಸ್ತಕಗಳನ್ನು ಎರಡು ಕೈಯಲ್ಲಿ ನೀಡಿ, ನೆಲ ನೋಡುತ್ತ ನಿಂತರು.

"ಹೋದ್ ಸಲದ ಪುಸ್ತಕದಲ್ಲಿ ಕಾಫಿ ಕಲೆ ಮಾಡಿದ್ನಲ್ಲ ಟೀಚರಮ್ಮ, ಅದಕ್ಕೇ ಕೋಪ ಅಂತ ಗೊತ್ತಾಯ್ತು ನಂಗೆ."

"ಕಾಫಿ ಕಲೆಯೇ? ನಾನು ನೋಡಿಯೇ ಇಲ್ಲ."

"ಮತ್ತೆ ಮಂಗಳವಾರ ಸೇತುವೆ ಹತ್ರ ನಾನು ಟ್ರ್ಯಾಕ್ಟರಲ್ಲಿ ಬರ್ತಿದ್ದೆ, ಬೆರಳೆತ್ತಿದೆ. ನೀವು ಎತ್ತಲಿಲ್ಲ. ಕಂಬ ನೋಡ್ದಂಗೆ ನೋಡ್ಕೊಂಡು ಹೋದ್ರಿ."

ವಾಪಸು ಬರುವಾಗ ಡೊರಥಿ ಹೇಳಿದಳು: "ಅವರೊಬ್ರೇ ಅಲ್ಲ ಟೀಚರ್. ದಾರಿ ತುಂಬ ಜನ ಮಾತಾಡ್ಕೋತಿದಾರೆ, ಮಿಸ್ ಹ್ಯಾಸ್ಕೆಲ್‌ಗೆ ನಮ್ಮ ಮೇಲೆ ಏನೋ ಮುನಿಸು ಅಂತ. ಒಂದು ಬೆರಳು, ಅಷ್ಟೇ. ಏನು ಗಂಟು ಹೋಗುತ್ತೆ?"

"ಗಡಿಯಾರದ ಹತ್ತು ಮತ್ತು ಎರಡರ ಅಂಕಿಗಳಲ್ಲಿ ಕೈಗಳು ಸ್ಥಿರವಾಗಿರತಕ್ಕದ್ದು, ಪುಟ ಹದಿನಾಲ್ಕು" ಎಂದೆ.

ಅವಳು ಕಿಟಕಿಯಾಚೆ ನೋಡಿ ಏನೋ ಗೊಣಗಿದಳು. ಚೆಕ್ ಭಾಷೆಯಲ್ಲಿತ್ತು, ಮೆಚ್ಚುಗೆಯಂತೆ ಕೇಳಿಸಲಿಲ್ಲ.

ಆಗಸ್ಟ್ 20, ಮಂಗಳವಾರ

ಅನುತ್ತೀರ್ಣ.

ಆಗಸ್ಟ್ 21, ಬುಧವಾರ

ಬರೆಯುವುದಕ್ಕೇನೂ ಇಲ್ಲ.

ಆಗಸ್ಟ್ 23, ಶುಕ್ರವಾರ

ನಡೆದುದನ್ನು ನಡೆದಂತೆ ಬರೆಯದಿದ್ದರೆ ದಿನಚರಿ ಏಕೆ? ಚಾಲನಾ ಪರೀಕ್ಷೆ ಮಂಗಳವಾರ ಇತ್ತು. ನ್ಯಾಯಾಲಯದ ಮುಂದಿನ ಏರಿನ ತುದಿಯಲ್ಲಿ ನಿಲ್ಲಬೇಕೆಂಬ ಫಲಕವಿದೆ. ನಿಂತೆ. ಹೊರಡುವಾಗ ಎಂಜಿನ್ ನಿಂತಿತು. ಮತ್ತೆ ಹೊರಟೆ, ಮತ್ತೆ ನಿಂತಿತು. ಮೂರನೆಯ ಸಲ ವ್ಯಾಗನ್ ಹಿಂದಕ್ಕೆ ಜಾರಿ ಹಾರ್ಡ್‌ವೇರ್ ಅಂಗಡಿಯ ಹೂಕುಂಡಕ್ಕೆ ಒಂದು ಗೇಣು ಉಳಿದಾಗ ಬ್ರೇಕು ಸಿಕ್ಕಿತು. ಅಂಗಡಿಯ ಮುಂದೆ ನಿಂತಿದ್ದವರು ಆರು ಜನ. ಆರೂ ಜನ ನನ್ನ ವಿದ್ಯಾರ್ಥಿಗಳು. ಒಬ್ಬರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ ಆಕಾಶ ನೋಡತೊಡಗಿದರು, ಮೋಡ ಒಂದೂ ಇರದಿದ್ದರೂ.

ಪರೀಕ್ಷಕ ರಾಜಧಾನಿಯವನು, ತೆಳ್ಳನೆಯ ಮೀಸೆ. "ಸೆಪ್ಟೆಂಬರ್ ಮೂರಕ್ಕೆ ಮತ್ತೆ ಬರ್ತೀನಿ ಮೇಡಂ" ಎಂದ. ಅದು ಮಂಡಳಿಯ ಸಭೆಗೆ ಆರು ದಿನ ಮುಂಚೆ. ಅದೊಂದೇ ಅವಕಾಶ ಉಳಿದಿರುವುದು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಹುಲ್ಡಾಳಿಗೆ ಆಗಲೇ ಗೊತ್ತಿತ್ತು. ನನ್ನನ್ನು ಮೊಟಕು ಹೆಸರಿನಿಂದ ಕರೆಯುವವಳು ಅವಳೊಬ್ಬಳೇ.

"ಏನೇ ವಿನ್ನಿ, ಹೂಕುಂಡ ಬದುಕಿದೆಯಂತಲ್ಲ?"

"ನಿನಗೆ ತಮಾಷೆ. ವ್ಯಾಗನ್ ಹೋದರೆ?"

"ಹೋದ್ರೆ ಹ್ರುಷ್ಕ ಕಪ್ಪು ಅಂಗಿ ಹಾಕ್ಕೊಂಡು ಅಂಚೆಡಬ್ಬಿ ಹತ್ರ ನಿಲ್ತಾನೆ, ನೀನು ಮನೇಲಿ ಕೂತು ಪತ್ರಿಕೇಲಿ ತಪ್ಪು ಹುಡುಕ್ತೀಯ. ಅದಕ್ಕೇ ಹೇಳ್ತಿರೋದು, ಹೋಗಿ ಏರು ಹತ್ತು."

ಮನೆಗೆ ಬಂದರೆ ಡೊರಥಿ ಮೆಟ್ಟಿಲ ಮೇಲೆ ಕುಳಿತಿದ್ದಳು, ತೊಡೆಯ ಮೇಲೆ ಗಸಗಸೆ ತುಂಬಿದ ಕೊಲಾಚಿ ಬನ್ನುಗಳ ತಟ್ಟೆ. ಇನ್ನೂ ಬಿಸಿಯಿದ್ದವು. ಮೂರು ತಿಂದೆ. ಕಾಫಿ ಕಾಸಿದೆ. ಆಗ ಹೇಳಿದಳು:

"ನಿಮಗೆ ನೆನಪಿಲ್ಲ ಬಿಡಿ. ಒಂದಿನ ನನ್ನ ಎಬ್ಬಿಸಿ ನಿಲ್ಸಿ, 'ಒಂದು ಕಡೆ ಕೂರಲಾರದವಳು ಏನನ್ನೂ ಕಲಿಯಲಾರಳು' ಅಂದ್ರಿ. ಮಾರನೇ ವಾರ ಶಾಲೆ ಬಿಟ್ಟೆ. ಈಗ ನೋಡಿ ಟೀಚರ್, ದಿನಕ್ಕೆ ಐದು ಗಂಟೆ ಕೂತೇ ಇರ್ತೀನಿ. ಕೂತ್ಕೊಂಡೇ ತೊಂಬತ್ತು ಮೈಲಿ ಓಡ್ತೀನಿ!"

ಅವಳು ಜೋರಾಗಿ ನಕ್ಕಳು. ನಿಜವಾದ ನಗು; ಅದರಲ್ಲಿ ಮುಳ್ಳಿರಲಿಲ್ಲ. ನನಗೆ ನೆನಪಿತ್ತು. ಆ ವಾಕ್ಯ ಚೆನ್ನಾಗಿ ಕಟ್ಟಿದ್ದೆಂದು ಅಂದು ಸಂಜೆ ಹೆಮ್ಮೆಪಟ್ಟದ್ದೂ ನೆನಪಿತ್ತು. "ಇನ್ನೊಂದು ಲೋಟ ಕಾಫಿ ಕೊಡಲೇ?" ಎಂದು ಮಾತ್ರ ಕೇಳಿದೆ.

"ಕಾಫಿ ಸಾಕು. ಶೂ ಬಿಚ್ಚಿ ಏಳಿ" ಎಂದಳು.

"ಏನೆಂದೆ?"

"ಆ ಹಿಮ್ಮಡಿ ಎತ್ತರದ ಶೂ ಹಾಕ್ಕೊಂಡ್ರೆ ಕಾಲಿಗೆ ಕ್ಲಚ್ ಮಾತಾಡೋದು ಹೆಂಗೆ ಕೇಳುತ್ತೆ? ಬಿಚ್ಚಿ. ನಮ್ಮ ಕೊಟ್ಟಿಗೆ ಹತ್ರ ಒಂದು ಏರಿದೆ, ಇವತ್ತು ಐವತ್ತು ಸಲ ಹತ್ತಿಸ್ತೀನಿ."

ಕಾಲುಚೀಲದಲ್ಲೇ ವಾಹನ ನಡೆಸುವುದು ಅಶಿಸ್ತು. ಆದರೆ ಕ್ಲಚ್ ಹಿಡಿಯುವ ಸ್ಥಳದಲ್ಲಿ ಅಂಗಾಲಿಗೆ ಸಣ್ಣದೊಂದು ನಡುಕ ತಿಳಿಯುತ್ತದೆ, ಬೆಕ್ಕು ಗುರುಗುಟ್ಟಿದಂತೆ. ನಿಯಮಾವಳಿಯಲ್ಲಿ ಇದರ ಉಲ್ಲೇಖವಿಲ್ಲ. ಮೂವತ್ತನೆಯ ಸಲದ ಮೇಲೆ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ.

ಆಗಸ್ಟ್ 29, ಗುರುವಾರ

ಡಾಟ್ ಜೊತೆಗಿನ ಕೊನೆಯ ಗುರುವಾರ. ನಿನ್ನೆ ಮಧ್ಯಾಹ್ನ ಎರಡು ಅಂಗುಲ ಮಳೆ ಬಿತ್ತು. ಇಂದು ಲೋಕವೆಲ್ಲ ತೊಳೆದಿಟ್ಟ ತಟ್ಟೆಯಂತಿತ್ತು. ಜೋಳದ ತೆನೆಗಳ ಕೂದಲು ಕಂದಿವೆ. ಕಿಟಕಿ ಇಳಿಸಿಕೊಂಡು ಹೋಗುವಾಗ ಒದ್ದೆ ಎಲೆಗಳ ವಾಸನೆ. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕುಳಿತು ಲೆಕ್ಕದ ಹಾಳೆಯನ್ನೇ ನೋಡುತ್ತಿದ್ದೆನೆಂಬುದು ವಿಚಿತ್ರವೆನಿಸುತ್ತದೆ.

ಹನ್ನೆರಡು ಮತ್ತು ಹದಿಮೂರನೆಯ ತಾಣಗಳ ನಡುವಿನ ಅಡ್ಡರಸ್ತೆಗೆ ಬಂದಾಗ ಎರಡನೆಯ ಗೇರಿಗಿಳಿದು ಹಾರ್ನ್ ಮಾಡಿದೆ.

"ಧೂಳೇ ಇಲ್ವಲ್ಲ, ಯಾರಿಗೆ ಊದ್ತೀರ? ಹೋಗಿ ಹೋಗಿ" ಎಂದಳು.

"ನಿನ್ನೆ ಮಳೆ ಬಂದಿದೆ, ಡೊರಥಿ. ಧೂಳು ಎಲ್ಲಿಂದ ಏಳಬೇಕು?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಲಗಡೆಯ ಜೋಳದ ಗೋಡೆಯೊಳಗಿಂದ ಒಂದು ಪಿಕಪ್ ಲಾರಿ ಹಾರಿಬಂದಿತು. ಹಾರ್ನ್ ಕೇಳಿ ಬ್ರೇಕು ತುಳಿದಿತ್ತು; ಒದ್ದೆ ಜಲ್ಲಿಯ ಮೇಲೆ ಅಡ್ಡಡ್ಡ ಜಾರುತ್ತ, ನಮ್ಮ ಮೂತಿಯ ಮುಂದೆಯೇ ಹಾದು, ಆಚೆ ಪಕ್ಕದ ಹಳ್ಳಕ್ಕೆ ತಲೆತಗ್ಗಿಸಿ ನಿಧಾನವಾಗಿ ಇಳಿದು ನಿಂತಿತು. ನಾನು ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿ ನಿಲ್ಲಿಸಿದ್ದೆ. ಎಂಜಿನ್ ನಿಲ್ಲಲಿಲ್ಲ. ಇದನ್ನು ಎರಡನೆಯ ಸಲ ಬರೆಯುತ್ತೇನೆ: ಎಂಜಿನ್ ನಿಲ್ಲಲಿಲ್ಲ.

ಪಿಕಪ್ಪಿನಿಂದ ಟೋಪಿ ಸರಿಮಾಡಿಕೊಳ್ಳುತ್ತ ಇಳಿದವರು ಆರ್ವಿಲ್ ಪ್ರೂಯಿಟ್. ಗಾಯವೇನೂ ಇಲ್ಲ, ಮುಖ ಮಾತ್ರ ಹಿಟ್ಟಿನ ಬಣ್ಣ.

"ಧೂಳು ಕಾಣಲಿಲ್ಲ..." ಎಂದರು.

"ನನಗೂ ಕಾಣಲಿಲ್ಲ ಆರ್ವಿಲ್ಲಣ್ಣ" ಎಂದಳು ಡಾಟ್, ಮೆಲ್ಲಗೆ. "ಟೀಚರ್ ಊದದಿದ್ರೆ ಇಷ್ಟೊತ್ತಿಗೆ ಮೂರೂ ಜನ ಜೋಳದಲ್ಲಿ ಇರ್ತಿದ್ವಿ." ಅವಳು ನನ್ನ ಕಡೆ ತಿರುಗಿ ನನ್ನ ತೋಳನ್ನು ಒಮ್ಮೆ ಹಿಡಿದು ಬಿಟ್ಟಳು.

ಪಿಕಪ್ಪನ್ನು ಎಳೆಯಲು ಟ್ರ್ಯಾಕ್ಟರೇ ಬೇಕು. ಅಧ್ಯಕ್ಷರನ್ನು ಮನೆಗೆ ಬಿಡುವುದಾಗಿ ಹೇಳಿದೆ. ಮುಂದಿನ ಸೀಟಿನಲ್ಲಿ ನಾವಿಬ್ಬರು, ನಮ್ಮ ನಡುವೆ ಹಿಂದಿರುಗಿಸಿದ ಪುಸ್ತಕಗಳ ರಾಶಿ. ಆದ್ದರಿಂದ ಅವರು ಹಿಂದಕ್ಕೆ ಹೋಗಬೇಕಾಯಿತು. ಎರಡು ಬಾಗಿಲಿನ ವ್ಯಾಗನ್ನಿನಲ್ಲಿ ಹಿಂದಕ್ಕೆ ಹೋಗಬೇಕಾದರೆ ಮುಂದಿನ ಸೀಟಿನ ಬೆನ್ನು ಮಡಚಿ, ತಲೆ ಮೊದಲು ಮಾಡಿ ನುಸುಳಬೇಕು. ಪ್ರೂಯಿಟ್ ದೊಡ್ಡ ಶರೀರದವರು.

"ಬಗ್ಗಿ ಅಣ್ಣ, ಇನ್ನೂ ಬಗ್ಗಿ. ಮಂಡಿ ಆಕಡೆ. ಅಯ್ಯೋ, ಪಾಕಶಾಸ್ತ್ರದ ಮೇಲೆ ಕೂರ್ಬೇಡಿ!"

ಹಿಂದಿನ ಸೀಟನ್ನು ಹುಲ್ಡಾ ಎಂದೋ ತೆಗೆಸಿದ್ದಾಳೆ. ಅಧ್ಯಕ್ಷರು ಎರಡು ಕಪಾಟುಗಳ ನಡುವೆ ಪುಸ್ತಕದ ಪೆಟ್ಟಿಗೆಯ ಮೇಲೆ ಮೊಣಕಾಲನ್ನು ಗದ್ದಕ್ಕೆ ಆನಿಸಿಕೊಂಡು ಕುಳಿತರು. ಏಳು ಮೈಲಿ. ಮೊದಲೆರಡು ಮೈಲಿ ನಿಟ್ಟುಸಿರು ಕೇಳಿಸಿತು. ಆಮೇಲೆ ಹಾಳೆ ತಿರುವುವ ಸದ್ದು. ಅವರ ಮನೆಯ ಅಂಗಳದಲ್ಲಿ ನಿಲ್ಲಿಸಿದಾಗಲೂ ಅವರು ಏಳಲಿಲ್ಲ.

"ಪ್ರೂಯಿಟ್ಟರೇ, ನಿಮ್ಮ ಮನೆ ಬಂದಿತು."

"ಈ ಜೇನುಹುಳದ ಪುಸ್ತಕ... ನಮ್ಮಪ್ಪ ಸಾಕ್ತಿದ್ರು. ಒಂದು ವಾರಕ್ಕೆ ತಗೋಬಹುದಾ?"

"ನಿಮ್ಮಲ್ಲಿ ಕಾರ್ಡ್ ಇದೆಯೇ?"

ಗ್ರಂಥಾಲಯ ಮಂಡಳಿಯ ಅಧ್ಯಕ್ಷರಲ್ಲಿ ಗ್ರಂಥಾಲಯದ ಕಾರ್ಡ್ ಇರಲಿಲ್ಲ. ಹಿಂಬಾಗಿಲನ್ನು ಇಳಿಸಿ ಮೇಜು ಮಾಡಿ, ಅರ್ಜಿ ತುಂಬಿಸಿ, ಸಹಿ ಹಾಕಿಸಿಕೊಂಡು ಪುಸ್ತಕ ಕೊಟ್ಟೆ.

ಹೋಗುವಾಗ ಅವರು ಟೋಪಿ ಕೈಯಲ್ಲಿ ಹಿಡಿದು ಹೇಳಿದರು: "ಮಿಸ್ ಹ್ಯಾಸ್ಕೆಲ್, ಇವತ್ತಿನ ಉಪಕಾರ ಮರೆಯಲ್ಲ. ಆದ್ರೆ ಲೈಸೆನ್ಸ್ ಇಲ್ಲದೆ ಮಂಡಳಿ ಮುಂದೆ ನಾನೇನೂ ಮಾಡೋಕಾಗಲ್ಲ."

"ಮಾಡುತ್ತೇನೆ ಎಂದಿದ್ದರೆ ನಾನು ನಿಮ್ಮನ್ನು ಮತ್ತೆ ಹಳ್ಳಕ್ಕೆ ಬಿಟ್ಟುಬರುತ್ತಿದ್ದೆ" ಎಂದೆ. ಡಾಟ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಸೆಪ್ಟೆಂಬರ್ 3, ಮಂಗಳವಾರ

ಡಾಟ್‌ಗೆ ಇಂದು ಬಸ್ಸು. ಬೆಳಿಗ್ಗೆ ಆರೂವರೆಗೆ ಬಸ್ಸನ್ನು ನನ್ನ ಮನೆಯ ಮುಂದೆ ನಿಲ್ಲಿಸಿ ಕಿಟಕಿಯಿಂದ ಕೂಗಿದಳು: "ಶೂ ಬಿಚ್ಚೋದು ಮರೀಬೇಡಿ!" ಇಡೀ ಬೀದಿಗೆ ಕೇಳಿಸಿತು. ಅವಳ ಗಂಡ ಪಕ್ಕದಲ್ಲಿ ಕುಳಿತು ನನ್ನನ್ನು ನ್ಯಾಯಾಲಯದವರೆಗೆ ತಲುಪಿಸಿದ. ದಾರಿಯುದ್ದಕ್ಕೂ ಒಂದು ಮಾತೂ ಆಡದ ಒಳ್ಳೆಯ ಮನುಷ್ಯ.

ತೆಳುಮೀಸೆಯ ಪರೀಕ್ಷಕ ಹತ್ತಿ ಕುಳಿತ. ಅವನ ಕಾಲಿಗೆ ಏನೋ ತಗುಲಿತು.

"ಇವು ಯಾರ ಶೂ ಮೇಡಂ?"

"ನನ್ನವು. ನಿಯಮಾವಳಿಯ ಯಾವ ಪುಟದಲ್ಲೂ ಶೂಗಳ ಪ್ರಸ್ತಾಪವಿಲ್ಲ. ಬೇಕಿದ್ದರೆ ನೋಡಿ."

ಅವನು ನೋಡಲಿಲ್ಲ. ಏರಿನ ತುದಿಯಲ್ಲಿ ನಿಂತೆ. ಹಾರ್ಡ್‌ವೇರ್ ಅಂಗಡಿಯ ಮುಂದೆ ಈ ಸಲ ಹದಿನಾರು ಜನ. ಹೂಕುಂಡವನ್ನು ಯಾರೋ ಒಳಗಿಟ್ಟಿದ್ದರು. ಅಂಗಾಲು ಆ ಸಣ್ಣ ನಡುಕಕ್ಕೆ ಕಾದಿತು, ಬಂದಿತು, ಮಿಡತೆ ಒಂದು ಅಂಗುಲವೂ ಜಾರದೆ ಮುಂದಕ್ಕೆ ಹೊರಟಿತು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಯಾರೆಂದು ಬಲ್ಲೆ: 1941ನೆಯ ಇಸವಿಯ ತಂಡ, ಕೊನೆಯ ಬೆಂಚು.

"ಅತಿ ಜಾಗರೂಕತೆ" ಎಂದು ಷರಾ ಬರೆದು ಪರೀಕ್ಷಕ ಸಹಿ ಮಾಡಿದ. ಮೆಚ್ಚುಗೆಯೆಂದು ಭಾವಿಸಿದ್ದೇನೆ.

ಸಂಜೆ ಪೆಟ್ಟಿಗೆಯಿಂದ 1934ರ ಅಂಕಪುಸ್ತಕವನ್ನು ತೆಗೆದೆ. ಡೊರಥಿ ಸಿಕೋರಾಳ ಹೆಸರಿನೆದುರು ನನ್ನ ಕೈಬರಹದಲ್ಲಿ 'ಗಮನವಿಲ್ಲ' ಎಂದಿದೆ. ದಾಖಲೆಯನ್ನು ತಿದ್ದುವುದು ಅಪರಾಧ. ತಪ್ಪೆಂದು ತಿಳಿದ ಮೇಲೂ ಹಾಗೆಯೇ ಬಿಡುವುದು ಅದಕ್ಕಿಂತ ದೊಡ್ಡದು. ಗೀಟು ಎಳೆದು, ಮೇಲೆ 'ಗಮನವಿಲ್ಲದ್ದು ಶಿಕ್ಷಕಿಗೆ' ಎಂದು ಬರೆದು, ದಿನಾಂಕ ಸಹಿತ ರುಜು ಮಾಡಿದೆ. ನಾಳೆ ಬಸ್ಸು ಹೊರಡುವ ಮುನ್ನ ಆ ಹಾಳೆಯನ್ನು ಅವಳಿಗೆ ತೋರಿಸಬೇಕು. ಹೇಳುವುದು ನನ್ನಿಂದಾಗದು, ತೋರಿಸುವುದು ಆದೀತು.

ಸೆಪ್ಟೆಂಬರ್ 5, ಗುರುವಾರ

ಒಬ್ಬಳೇ ಹೊರಟ ಮೊದಲ ಸುತ್ತು. ಹತ್ತೊಂಬತ್ತು ತಾಣ, ಅರವತ್ತೆರಡು ಮೈಲಿ. ಲೈಸೆನ್ಸನ್ನು ಬೆಳಿಗ್ಗೆಯೇ ಪ್ರೂಯಿಟ್ಟರಿಗೆ ತೋರಿಸಿದೆ. ಕಳೆ ಇನ್ಸ್‌ಪೆಕ್ಟರಿಗೆ ಬೇರೆ ಏರ್ಪಾಡು ಮಾಡುವುದಾಗಿ ಹೇಳಿ, ಜೇನಿನ ಬಗ್ಗೆ ಎರಡನೆಯ ಪುಸ್ತಕ ಕೇಳಿದರು.

ಬಿಸಿಲು ಎಳೆಯದಾಗಿತ್ತು. ಮಿಡತೆ ಹಗುರಾಗಿ ಓಡಿತು. ಹೊಲಗಳಲ್ಲಿ ಕೆಲಸ ಹೆಚ್ಚಾಗಿ ರಸ್ತೆಯಲ್ಲಿ ಸಂಚಾರವೂ ಹೆಚ್ಚು. ಹಾಲಿನ ಲಾರಿ, ಟ್ರ್ಯಾಕ್ಟರುಗಳು, ಡಾಕ್ಟರ ಹೆಂಡತಿಯ ನೋಮಾಡ್, ಮೂರೂವರೆಗೆ ಸೇತುವೆಯ ಬಳಿ ಡಾಟ್‌ಳ ಹಳದಿ ಬಸ್ಸು. ಅವಳು ಬೆರಳಲ್ಲ, ಇಡೀ ಕೈಯನ್ನೇ ಹೊರಹಾಕಿ ಬೀಸಿದಳು. ಹಿಂದೆ ಮೂವತ್ತು ಮಕ್ಕಳು ಕಿಟಕಿಗಳಿಂದ ಕೂಗಿದರು. ನಿಯಮಬಾಹಿರ. ಅವಳಿಗೆ ಹೇಳಬೇಕು. ನಿನ್ನೆ ಆ ಹಾಳೆ ನೋಡಿದವಳು ನಾಳೆ ಕೊಲಾಚಿ ತರುತ್ತಾಳಂತೆ, ಆಗ ಬೇಡ, ಇನ್ನೊಂದು ದಿನ.

ಹ್ರುಷ್ಕ ಅಂಚೆಡಬ್ಬಿಯ ಬಳಿ ಕಾಯುತ್ತಿದ್ದರು, ಒಗೆದ ಅಂಗಿ.

"ಕೋಪ ಹೋಯ್ತಲ್ಲ ಟೀಚರಮ್ಮ!" ಎಂದರು.

"ಯಾವ ಕೋಪ? ಇರಲೇ ಇಲ್ಲವೆಂದು ಅಂದೇ ಹೇಳಿದೆನಲ್ಲ."

"ಸರಿ ಸರಿ, ಇರಲಿಲ್ಲ" ಎಂದು ಏಕೋ ನಗುತ್ತ, ಎರಡು ಪುಸ್ತಕಗಳ ಬದಲು ಮೂರು ಒಯ್ದರು. ಮೂರನೆಯದೂ ನಾನು ಆರಿಸಿದ ಬಗೆಯದು.

ಸಂಜೆ ಹುಲ್ಡಾಳಿಗೆ ಎಲ್ಲ ವರದಿ ಒಪ್ಪಿಸಿದೆ. ಮುಂದಿನ ವಾರ ಅವಳನ್ನು ಮನೆಗೆ ಕಳಿಸುತ್ತಾರೆ. ಆಸ್ಪತ್ರೆಯಿಂದ ನಾನೇ ಕರೆತರುತ್ತೇನೆ. ಪಕ್ಕದ ಸೀಟು ಅವಳದು, ಲೆಕ್ಕದ ಹಾಳೆಯೂ ಅವಳದೇ.

ದಣಿವೇನೂ ಇಲ್ಲ. ಬಲಗೈಯ ತೋರುಬೆರಳು ಮಾತ್ರ ಬುಡದಲ್ಲಿ ಸ್ವಲ್ಪ ನೋಯುತ್ತಿದೆ. ಇಡೀ ದಿನ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದದ್ದರಿಂದ ಇರಬೇಕು.